ಕುಲುಕು ಪಂಡಿತರು

ಅರಸೀಕೆರೆಯ ಬಸ್ ಸ್ಟ್ಯಾಂಡಿನಿಂದ ಹಳೇಬೀಡಿನ ಗುಡಿ ಬೀದಿಯವರೆಗೆ, ಜೆರಾಕ್ಸ್ ಅಂಗಡಿ ಇದ್ದಲ್ಲೆಲ್ಲ ಒಬ್ಬ ಕುಲುಕು ಪಂಡಿತರು ಇದ್ದೇ ಇರುತ್ತಾರೆ. ಅಂಗಡಿ ಅವರದೇ ಆಗಬೇಕೆಂದಿಲ್ಲ. ಪಹಣಿಯ ಪ್ರತಿ ತೆಗೆಸಲು ಬಂದವರೂ ಆಗಬಹುದು. ಕಲರ್ ಪ್ರಿಂಟರಿನಲ್ಲಿ ಅಕ್ಷರ ಕೆಟ್ಟು ಬಂತೋ, ‘ಕಾರ್ಟ್ರಿಜ್ ತೆಗೀರಿ, ಒಸಿ ಅಲ್ಲಾಡ್ಸಿ ಹಾಕಿ’ ಎನ್ನುತ್ತಾರೆ. ಸರಿಹೋಗದಿದ್ದರೆ ‘ಹೆಡ್ ಕ್ಲೀನಿಂಗ್ ಕೊಡಿ’. ಅದಕ್ಕೂ ಬಗ್ಗದಿದ್ದರೆ ‘ಇಂಕ್ ಡೂಪ್ಲಿಕೇಟ್ ಕಣ್ರೀ’. ನಾಲ್ಕನೆಯ ಮಾತು ಅವರ ಶಾಸ್ತ್ರದಲ್ಲಿಲ್ಲ.

ಅವರಿಗೆ ಏನೂ ಗೊತ್ತಿಲ್ಲ ಎಂಬುದು ನನ್ನ ತಕರಾರಲ್ಲ. ಹೊರಬಂದ ಹಾಳೆಯನ್ನು ಅವರು ನೋಡುವುದೇ ಇಲ್ಲ ಎಂಬುದು. ರೋಗ ಯಾವುದೆಂದು ಹಾಳೆಯೇ ಹೇಳುತ್ತದೆ. ಗೃಹಪ್ರವೇಶದ ಆಮಂತ್ರಣದಲ್ಲಿ ಮೇಲಿನ ಚೆನ್ನಕೇಶವ ಫಳಫಳ ಹೊಳೆಯುತ್ತಿದ್ದು, ಕೆಳಗಿನ ಅಕ್ಷರ ಮಾತ್ರ ಬಿಳಿ ಗೆರೆ ಬಿದ್ದು ಮಸುಕಾಗಿದ್ದರೆ ಕಪ್ಪು ಇಂಕಿನ ನಾಜಲ್ ಕಟ್ಟಿರಬೇಕು. ಅಲ್ಲಿ ಹೆಡ್ ಕ್ಲೀನಿಂಗ್ ಸರಿಯಾದ ಮದ್ದೇ. ಅಕ್ಷರಕ್ಕೆ ಬಣ್ಣದ ನೆರಳು ಅಂಟಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಕೆಳಗಿನ ಒತ್ತಕ್ಷರ ಕತ್ತರಿಸಿದ್ದರೆ ಸಾಲುಗಳ ನಡುವಿನ ಅಂತರ ಸಾಲದು. ಇನ್ನು ಅಚ್ಚು ಸ್ಫುಟವಾಗಿ ಬಂದು, ‘ಶುಭ’ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳ ಸಂತೆ ನೆರೆದಿದ್ದರೆ ಇಂಕು ನಿರಪರಾಧಿ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿಕೊಂಡವು. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. (1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಶಿಲ್ಪಿಗಳು ಕೆತ್ತಿಟ್ಟ ಹೆಸರು ಓದಲು ಈ ತಾಪತ್ರಯವಿಲ್ಲ, ಹಳೆಯ ಲಿಪಿ ಬಲ್ಲವರಾದರೆ ಸಾಕು.)

‘ಅಲ್ಲಾಡಿಸಿದಾಗ ಸರಿಹೋದದ್ದೂ ಉಂಟಲ್ಲ?’ ಎಂದು ಅವರ ಶಿಷ್ಯರು ಕೇಳಬಹುದು. ಉಂಟು. ಲೇಸರ್ ಪ್ರಿಂಟರಿನ ಟೋನರ್ ಪುಡಿ. ಮುಗಿಯುತ್ತ ಬಂದಾಗ ಕುಲುಕಿದರೆ ಪುಡಿ ಹರಡಿ ಇನ್ನಷ್ಟು ಹಾಳೆ ಬರುತ್ತದೆ. ಅಲ್ಲಿ ಗೆದ್ದ ಪಂಡಿತರು, ಎಲ್ಲ ಕಾಯಿಲೆಗೂ ಒಂದೇ ಕಷಾಯ ಕುಡಿಸುವ ವೈದ್ಯರಂತೆ, ಇಂಕಿನ ಪ್ರಿಂಟರಿಗೂ ಅದನ್ನೇ ಹೇಳುತ್ತಾರೆ. ‘ಗಿರಾಕಿ ಕಾಯುವಾಗ ಪರೀಕ್ಷೆಗೆ ಪುರುಸೊತ್ತೆಲ್ಲಿ?’ ಎಂಬ ಮಾತೂ ನಿಲ್ಲುವುದಿಲ್ಲ. ನಾಜಲ್ ಚೆಕ್‌ಗೆ ಬೇಕಾದದ್ದು ಒಂದು ಹಾಳೆ. ಹೆಡ್ ಕ್ಲೀನಿಂಗ್ ಮಾತ್ರ ಪ್ರತಿಸಲವೂ ಇಂಕು ಕುಡಿದು, ಒಳಗಿನ ವೇಸ್ಟ್ ಇಂಕ್ ಪ್ಯಾಡಿಗೆ ಉಗುಳುತ್ತದೆ. ಪ್ಯಾಡ್ ತುಂಬಿತೆಂದು ಎಷ್ಟೋ ಪ್ರಿಂಟರುಗಳು ಮುಷ್ಕರ ಹೂಡುತ್ತವೆ. ಅಷ್ಟು ಹೊತ್ತಿಗೆ ಪಂಡಿತರು ಟೀ ಕುಡಿಯಲು ಹೋಗಿರುತ್ತಾರೆ.

ಆದ್ದರಿಂದ ಆಮಂತ್ರಣ ಅಚ್ಚು ಹಾಕಿಸುವವರು ಫೈಲನ್ನು ಫಾಂಟ್ ಸಮೇತ ಪಿಡಿಎಫ್ ಮಾಡಿಸಿ ಒಯ್ಯಿರಿ. ಮೊದಲು ಒಂದೇ ಪ್ರತಿ ತೆಗೆಸಿ. ಪಂಡಿತರು ಅಲ್ಲೇ ನಿಂತಿದ್ದರೆ, ಕಾರ್ಟ್ರಿಜ್ ಬದಲು ಆ ಹಾಳೆಯನ್ನು ಅವರ ಕೈಗೆ ಕೊಡಿ.