ಡಾಂಬರಿನ ಕಣ

ಕಾರ್ತೀಕದ ಹೊತ್ತಿಗೆ ದಾವಣಗೆರೆಯಲ್ಲಿ ಜಗಳೂರು ಬಸ್ಸು ಹತ್ತಿ ನೋಡಿ. ಬಿಳಿಚೋಡು ಹತ್ತಿರವಾಗುತ್ತಿದ್ದಂತೆ ರಸ್ತೆ ಅರ್ಧ ಕಪ್ಪು, ಅರ್ಧ ಹಳದಿ. ಡಾಂಬರಿನ ಮೇಲೆ ಮಾರುಗಟ್ಟಲೆ ಮೆಕ್ಕೆಜೋಳ ಮಲಗಿರುತ್ತದೆ. ಅಂಚಿಗೆ ಸಾಲುಗಲ್ಲು, ಪಕ್ಕದಲ್ಲಿ ಮಡಚಿಟ್ಟ ತಾಡಪಾಲು, ನಡುವೆ ಪಾದದಿಂದಲೇ ಕಾಳು ಹರವುತ್ತಾ ನಡೆಯುವ ಅಜ್ಜಿ. ಡ್ರೈವರ್ ಹಾರ್ನ್ ಹೊಡೆಯುವುದಿಲ್ಲ, ಮಗ್ಗುಲಿಗೆ ಸರಿಯುತ್ತಾನೆ. ಅವನ ಮನೆಯ ಜೋಳವೂ ಇನ್ಯಾವುದೋ ರಸ್ತೆಯ ಮೇಲೆ ಒಣಗುತ್ತಿರಬೇಕು.

ರಸ್ತೆಯಿಂದಲೇ ಅಭಿವೃದ್ಧಿ ಎಂಬ ಮಾತನ್ನು ಎಷ್ಟೋ ಗುದ್ದಲಿಪೂಜೆಗಳಲ್ಲಿ ಕೇಳಿ ತಲೆಯಾಡಿಸಿದ್ದೆ. ಅದರ ಅರ್ಥ ತಿಳಿದದ್ದು ಇಲ್ಲಿ. ರಸ್ತೆ ಯಾವ ಊರಿಗೂ ಹೋಗಬೇಕಾಗಿಲ್ಲ, ಬಿಸಿಲಿಗೆ ಮೈಯೊಡ್ಡಿ ಸುಮ್ಮನೆ ಬಿದ್ದಿದ್ದರೂ ರೈತನಿಗೆ ಲಾಭ.

ಹಿಂದೆ ಸುಗ್ಗಿಗೆ ಕಣವಿತ್ತು. ಸಗಣಿ ಬಳಿದ ನೆಲ, ನಡುವೆ ಮೇಟಿ, ರೋಣಗಲ್ಲು ಎಳೆಯುವ ಎತ್ತು, ರಾತ್ರಿಯೆಲ್ಲ ಹಂತಿ ಪದ. ಎತ್ತು ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ಕರೆದೆವು. ಕಣದಲ್ಲಿ ಸೈಟು ಎದ್ದಿತು. ರೋಣಗಲ್ಲು ಹರಟೆಗೆ ಕೂರುವ ಕಲ್ಲಾಯಿತು. ಆದರೆ ಖರೀದಿಯವರ ಯಂತ್ರಕ್ಕೆ ಈ ಕಥೆ ಬೇಡ, ಅದಕ್ಕೆ ಬೇಕಾದದ್ದು ತೇವಾಂಶ 14 ಪರ್ಸೆಂಟಿನೊಳಗೆ. ಮುಳ್ಳು ಅದರಾಚೆ ಹೋದರೆ ರೇಟು ಈಚೆ ಬರುತ್ತದೆ. ಒಣಗಿಸುವುದೆಲ್ಲಿ? ಸರ್ಕಾರ ಹಾಸಿಕೊಟ್ಟ ಕಪ್ಪು ನೆಲವಿದೆಯಲ್ಲ. ಕಪ್ಪು ಬೇಗ ಕಾಯುತ್ತದೆ ಎಂಬ ಭೌತಶಾಸ್ತ್ರವನ್ನು ಬಿಳಿಚೋಡಿನ ಹೋಬಳಿಗೆ ಯಾರೂ ಪಾಠ ಮಾಡಬೇಕಿಲ್ಲ.

ಜೋಳಕ್ಕೆ ಬಿಸಿಲು ಸಾಕು. ಹುರುಳಿಗೆ ಗಾಲಿಯೂ ಬೇಕು. ಬಳ್ಳಿ ಹರವಿ ದೂರ ಕೂತರೆ ಲಾರಿ, ಬಸ್ಸು, ಶಾಲೆಯ ವ್ಯಾನು ಎಲ್ಲವೂ ಬಿಟ್ಟಿ ಕೂಲಿ ಮಾಡಿ ಹೋಗುತ್ತವೆ. (ಹೊಟ್ಟಿನ ಮೇಲೆ ಬೈಕು ಜಾರಿ ಮೂಳೆ ಮುರಿದುಕೊಂಡವರಿದ್ದಾರೆ, ಕಾರಿನ ತಳಕ್ಕೆ ಹುಲ್ಲು ಸುತ್ತಿ ಬೆಂಕಿ ಹತ್ತಿದ್ದೂ ಉಂಟು. ಅದರಲ್ಲಿ ತಮಾಷೆ ಏನೂ ಇಲ್ಲ.) ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂದು ಪ್ರತಿ ಸುಗ್ಗಿಗೂ ಎಚ್ಚರಿಕೆ ಬರುತ್ತದೆ. ಒಕ್ಕಣೆ ಎಲ್ಲಿ ಮಾಡಿ ಎಂಬ ಎರಡನೇ ಸಾಲು ಮಾತ್ರ ಪ್ರಕಟಣೆಯಲ್ಲಿ ಜಾಗ ಸಾಲದೆ ಬಿಟ್ಟುಹೋಗುತ್ತದೆ.

ಪಂಡಿತರ ಲೆಕ್ಕ ಬೇರೆ. 2000ರ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಬಯಲುಸೀಮೆಯಲ್ಲಿ 500 ಜನರಿರುವ ಊರಿಗೂ ಸರ್ವಋತು ರಸ್ತೆ ಎಂಬ ಮಾತು. ಅದರಿಂದ ಆದದ್ದೇನೆಂದು ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾಡ್ ಎಂಬ ಅರ್ಥಶಾಸ್ತ್ರಜ್ಞರು ದೇಶದ ಸಾವಿರಾರು ಹಳ್ಳಿಗಳ ಅಂಕಿಅಂಶ ಜಾಲಾಡಿ 2020ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಬರೆದರು. ರಸ್ತೆ ಬಂದು ನಾಲ್ಕು ವರ್ಷವಾದರೂ ಬೆಳೆ, ಆದಾಯ, ಆಸ್ತಿಯಲ್ಲಿ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಆದ ದೊಡ್ಡ ಬದಲಾವಣೆ ಎಂದರೆ ಜನ ಹೊಲದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೊರಟದ್ದು. ನಮ್ಮ ಕಡೆ ಹೊರಡುವುದೆಂದರೆ ಗುಳೆ. ಇಲ್ಲಿಯ ಟೀ ಅಂಗಡಿಯಲ್ಲಿ ವಿಚಾರಿಸಿದ್ದರೆ ಸಂಶೋಧನೆ ಎರಡು ಹಾಫ್ ಚಹಾದಲ್ಲಿ ಮುಗಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಕಾಫಿ ತೋಟಕ್ಕೋ ಬೆಂಗಳೂರಿಗೋ ಗಂಟು ಕಟ್ಟುವವರಿಗೆ ರಸ್ತೆ ನಿಜಕ್ಕೂ ಉಪಕಾರ ಮಾಡಿದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಗುಳೆಯೂ ಉಚಿತ.

ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ಜಗಳೂರು ಅದರಲ್ಲಿತ್ತು. ಆಮೇಲೆ ಎಷ್ಟು ಡಾಂಬರು ಬಿತ್ತು, ಎಷ್ಟು ಎದ್ದುಹೋಯಿತು, ಎಷ್ಟು ತೇಪೆ ಹತ್ತಿತು! ಆದರೆ ಜೋಳದ ರೇಟು ರಸ್ತೆಯ ಮಾತು ಕೇಳುವುದಿಲ್ಲ. 2025ರ ಮುಂಗಾರಿನ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಆ ನವೆಂಬರಿನಲ್ಲಿ ಮಾರುಕಟ್ಟೆ 2,000ಕ್ಕೂ ಕೆಳಗೆ ಜಾರಿ, ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ರಸ್ತೆ ನುಣುಪಾದಷ್ಟೂ ಜಾರುವುದು ಸಲೀಸು.

ರಸ್ತೆಶಾಸ್ತ್ರ ರೈತನನ್ನು ಮರೆತಿಲ್ಲ ಎನ್ನುವುದಕ್ಕೆ ಒಂದು ದಾಖಲೆಯಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿಯಲ್ಲಿ ಗ್ರಾಮಾಂತರ ರಸ್ತೆಯ ವಾಹನಗಳನ್ನೆಲ್ಲ ಕಾರಿನ ಲೆಕ್ಕಕ್ಕೆ ಇಳಿಸಿದ್ದಾರೆ. ಬೈಕು ಅರ್ಧ ಕಾರು. ಲಾರಿ ಮೂರು ಕಾರು. ಎತ್ತಿನ ಗಾಡಿ ಎಂಟು ಕಾರು! ಒಕ್ಕಲಿಗನಿಗೆ ಇಷ್ಟು ತೂಕ ಕೊಟ್ಟ ಇನ್ನೊಂದು ಕಾಗದ ನಾನಂತೂ ಕಂಡಿಲ್ಲ. ಆಮೇಲೆ ತಿಳಿಯಿತು, ಅದು ಗಾಡಿಯ ಬೆಲೆಯಲ್ಲ, ಗಾಡಿ ಬೇರೆಯವರಿಗೆ ಒಡ್ಡುವ ಅಡ್ಡಿಯ ಅಳತೆ.

ಹಾಗಾಗಿ ಲೋಕೋಪಯೋಗಿ ಇಲಾಖೆಗೆ ನನ್ನ ಮನವಿ. ಮುಂದಿನ ಅಂದಾಜುಪಟ್ಟಿಯಲ್ಲಿ ಎಡಕ್ಕೆ ಜೋಳದ ಪಥ, ಬಲಕ್ಕೆ ಹುರುಳಿ ಪಥ ಸೇರಿಸಿ. ವಾಹನಗಳು ನಡುವೆ ಹೇಗೋ ಹೊಂದಿಕೊಳ್ಳುತ್ತವೆ, ಈಗಲೂ ಹೊಂದಿಕೊಂಡೇ ಇವೆ. ವಾಹನ ಗಣತಿಯನ್ನು ಹುರುಳಿ ಸುಗ್ಗಿಯಲ್ಲೇ ಇಟ್ಟುಕೊಳ್ಳಿ, ಎಷ್ಟು ಗಾಲಿಗೆ ಎಷ್ಟು ಸೇರು ಕಾಳು ಎಂಬ ಲೆಕ್ಕವೂ ಸಿಗಲಿ. ಟೆಂಡರ್ ನಿಬಂಧನೆಯಲ್ಲಿ ಒಂದೇ ಒಂದು ಸಾಲು ಸಾಕು: ಜೋಳ ಬಾಚುವಾಗ ಜಲ್ಲಿ ಕಿತ್ತು ಚೀಲಕ್ಕೆ ಬರಬಾರದು. ದಲ್ಲಾಳಿ ಅದನ್ನೂ ತೂಕದಲ್ಲಿ ಮುರಿದುಕೊಳ್ಳುತ್ತಾನೆ.

ಇದೇ ರಸ್ತೆಯ ಅಗಲೀಕರಣಕ್ಕೆ ನಾಳೆ ಒಬ್ಬ ಮಂತ್ರಿ ಬರುತ್ತಾರೆ ಅಂದುಕೊಳ್ಳಿ. ಮುಂದೆ ಪೊಲೀಸ್ ಜೀಪು, ಹಿಂದೆ ಹತ್ತು ಹದಿನೈದು ಕಾರು, ಎಲ್ಲವೂ ಹುರುಳಿಯ ಮೇಲೆ ಚಟಚಟ ಹಾಯ್ದು ಗುದ್ದಲಿಪೂಜೆಯ ಪೆಂಡಾಲಿನತ್ತ ಓಡುತ್ತವೆ. ಧೂಳು ತಗ್ಗಿದ ಮೇಲೆ ಅಜ್ಜಿ ಒಂದು ಹಿಡಿ ಎತ್ತಿ, ಉಜ್ಜಿ, ಊದಿ ನೋಡುತ್ತಾಳೆ.

“ಇನ್ನೊಂದ್ ನಾಕ್ ಕಾರು ಬಂದಿದ್ರೆ ಪೂರಾ ಬಿಡ್ತಿತ್ತು. ವಾಪಸ್ ಹೋಗಾಕೂ ಸಾಹೇಬ್ರು ಇದೇ ದಾರೀಲೇ ಬರ್ತಾರೇನಪ್ಪ?”