ಉಸ್ತುವಾರಿ ಚಿಕ್ಕಪ್ಪ

ಶಿವರಾತ್ರಿ ಕಳೆದು ಮೊದಲ ಮಳೆ ಬೀಳುವವರೆಗೆ ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮಾವಿನ ಮಿಡಿ ಬಂತು, ಹಲಸಿನಕಾಯಿ ಬಲಿಯಿತು, ತೋಟಕ್ಕೆ ನೀರು ಬಿಡಬೇಕು, ಹಿತ್ತಿಲ ಬಸಳೆ ಬಾಡುತ್ತಿದೆ, ಕೊಟ್ಟಿಗೆಯಲ್ಲಿ ಹಸು ಕರು ಹಾಕಿದೆ, ಬೆಕ್ಕು ಅಟ್ಟದ ಮೇಲೆ ಮರಿ ಇಟ್ಟಿದೆ, ಏಪ್ರಿಲ್ 10ರ ಹೊತ್ತಿಗೆ ಶಾಲೆಗೆ ರಜೆ ಸಿಕ್ಕಿದ್ದೇ ಬೆಂಗಳೂರಿನ ಮೊಮ್ಮಕ್ಕಳು ಬಂದು ಇಳಿದಿದ್ದಾರೆ, ಉಪನಯನಕ್ಕೆ ಕರೆಯಲು ಬಂದವರು ಜಗುಲಿಯಲ್ಲಿ ಕೂತಿದ್ದಾರೆ. ಇಷ್ಟೆಲ್ಲ ಇದ್ದ ಮೇಲೆ ಗಡಿಬಿಡಿ ಆಗದೆ ಇರುತ್ತದೆಯೇ ಎಂದು ಎಲ್ಲರೂ ತಪ್ಪನ್ನು ಚೈತ್ರ ವೈಶಾಖಗಳ ತಲೆಗೆ ಕಟ್ಟಿ ಸುಮ್ಮನಾಗುತ್ತಾರೆ. ನನ್ನ ವಾದ ಬೇರೆ. ಋತು ಕೊಡುವುದು ಕೆಲಸವನ್ನು ಮಾತ್ರ. ಗಡಿಬಿಡಿಯನ್ನು ಮನೆಯಲ್ಲೇ ತಯಾರಿಸುತ್ತಾರೆ, ಅದೂ ಒಬ್ಬರೇ ತಯಾರಿಸುತ್ತಾರೆ. ಅವರೇ ಉಸ್ತುವಾರಿ ಚಿಕ್ಕಪ್ಪ. ಅಣ್ಣತಮ್ಮಂದಿರಲ್ಲಿ ಇವರು ಹಿರಿಯರಲ್ಲ, ಏಕೆಂದರೆ ಹಿರಿಯರ ಬಳಿ ಕಪಾಟಿನ ಬೀಗದ ಕೈ ಮತ್ತು ಸೊಸೈಟಿಯ ಲೆಕ್ಕ ಇರುತ್ತದೆ, ಅವರಿಗೆ ಕೂಗುವ ಅಗತ್ಯವಿಲ್ಲ. ಕಿರಿಯರೂ ಅಲ್ಲ, ಕಿರಿಯವನು ಆ ಹೊತ್ತಿಗೆ ಮರದ ಮೇಲೆ ಇರುತ್ತಾನೆ. ನಡುವಿನವರಾದ ಇವರಿಗೆ ಮನೆಯಲ್ಲಿ ನಿಶ್ಚಿತವಾದ ಹುದ್ದೆ ಯಾವುದೂ ಇಲ್ಲ. ಹಾಗಾಗಿ ಎಲ್ಲ ಹುದ್ದೆಗಳ ಮೇಲ್ವಿಚಾರಣೆಯೂ ಇವರದೇ. ಮಡಚಿ ಕಟ್ಟಿದ ಪಂಚೆ, ಹೆಗಲ ಮೇಲೆ ಟವೆಲು, ಹಗಲಲ್ಲೂ ಕೈಯಲ್ಲೊಂದು ಟಾರ್ಚು. ಹಿಂದೆ ನಾಯಿ.

ಮೊದಲ ಸಾಕ್ಷ್ಯವಾಗಿ ಮಾವಿನ ಮಿಡಿಯ ದಿನವನ್ನೇ ತೆಗೆದುಕೊಳ್ಳಿ. ಅಪ್ಪೆಮಿಡಿ ಕೊಯ್ಯುವುದು ನಾಜೂಕಿನ ಕೆಲಸ ಎಂಬುದರಲ್ಲಿ ಎರಡು ಮಾತಿಲ್ಲ. ಮಿಡಿಗೆ ತೊಟ್ಟು ಇರಬೇಕು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ನೆಲಕ್ಕೆ ಬಿದ್ದದ್ದಕ್ಕೆ ಪೆಟ್ಟಾಗುತ್ತದೆ, ಪೆಟ್ಟಾದ ಒಂದು ಮಿಡಿ ಭರಣಿಗೆ ಸೇರಿದರೆ ಉಳಿದವೂ ಕೆಡುತ್ತವೆ. ಅದಕ್ಕೇ ಕೊಯ್ಯುವವನು ಕೊಂಬೆಯ ಮೇಲೆ ಕೂತು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸುತ್ತಾನೆ. ಕೆಳಗೆ ಹೆಂಗಸರು ತೊಳೆದು, ಒರೆಸಿ, ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಭರಣಿಗೆ ತುಂಬುತ್ತಾರೆ. ಇದಿಷ್ಟೂ ಬಾಯಿ ಬಿಡದೆ ಆಗುವ ಕೆಲಸ. ಆದರೆ ಚಿಕ್ಕಪ್ಪ ಮರದ ಬುಡದಲ್ಲಿ ನಿಂತು "ತೊಟ್ಟು ಇರ್ಲಿ ಮಾರಾಯ, ತೊಟ್ಟು!" ಎಂದು ಕೂಗುತ್ತಾರೆ. ಮೇಲಿದ್ದವನು ಏನೆಂದು ಕೇಳಲು ಬಗ್ಗುತ್ತಾನೆ, ಬಗ್ಗಿದಾಗ ಕೊಂಬೆ ಅಲುಗುತ್ತದೆ, ಅಲುಗಿದ್ದಕ್ಕೆ ಹತ್ತು ಮಿಡಿ ಉದುರುತ್ತವೆ. "ನೋಡು, ನಾನು ಹೇಳಿದ್ದೇ ಆಯ್ತು" ಎನ್ನುತ್ತಾರೆ ಚಿಕ್ಕಪ್ಪ. ನಂತರ ಉದುರಿದ ಮಿಡಿಗಳನ್ನು ಬೇರೆ ಹೆಕ್ಕಿಸಲು ಇಬ್ಬರು ಮಕ್ಕಳು ಬೇಕು, ಬಿದ್ದದ್ದು ಬೀಳದ್ದರ ಜೊತೆ ಸೇರದಂತೆ ನೋಡಲು ಇನ್ನೊಬ್ಬರು ಬೇಕು. ಈ ನಡುವೆ ಅವರು ಅನಂತಭಟ್ಟನ ಅಪ್ಪೆಗೂ ಮಾಳಂಜಿಗೂ ಇರುವ ಪರಿಮಳದ ವ್ಯತ್ಯಾಸವನ್ನು ವಿವರಿಸುತ್ತಿರುತ್ತಾರೆ. ವಿವರಣೆ ಸರಿಯಾಗಿಯೇ ಇರುತ್ತದೆ. ಅವರ ತಿಳಿವಳಿಕೆಯ ಬಗ್ಗೆ ನನ್ನ ತಕರಾರಿಲ್ಲ, ಅದು ಹೊರಬೀಳುವ ಸಮಯದ ಬಗ್ಗೆ ಇದೆ.

ಎರಡನೆಯದು ಹಲಸಿನಕಾಯಿ ಹಪ್ಪಳ. ಕೈಗೆ, ಕತ್ತಿಗೆ ಎಣ್ಣೆ ಸವರಿಕೊಂಡು, ಮೇಣ ಒರೆಸುತ್ತ ಕಾಯಿ ಸೀಳಬೇಕು, ತೊಳೆ ಬಿಡಿಸಿ ಬೀಜ ತೆಗೆಯಬೇಕು, ಹಬೆಯಲ್ಲಿ ಬೇಯಿಸಿ ಉಪ್ಪು ಖಾರ ಸೇರಿಸಿ ಕುಟ್ಟಬೇಕು, ಉಂಡೆಯನ್ನು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಬೇಕು, ಬಿಸಿಲೇರುವ ಮೊದಲೇ ಚಾಪೆಯ ಮೇಲೆ ಹರಡಬೇಕು. ಸೂರ್ಯನೇ ಇದರ ಗಡಿಯಾರ, ತಡವಾದರೆ ಆ ದಿನದ ಬಿಸಿಲು ಸಿಗುವುದಿಲ್ಲ. ಹೆಂಗಸರು ಇದನ್ನು ಬಲ್ಲರು, ಬೆಳಗಿನ ಜಾವಕ್ಕೇ ಶುರು ಮಾಡುತ್ತಾರೆ. ಚಿಕ್ಕಪ್ಪನವರು ಎಂಟು ಗಂಟೆಗೆ ಬಂದು, ಚಾಪೆ ಹಾಸಿದ ಜಾಗಕ್ಕೆ ಮಧ್ಯಾಹ್ನ ತೆಂಗಿನ ಮರದ ನೆರಳು ಬೀಳುತ್ತದೆಂದು ಕಂಡುಹಿಡಿಯುತ್ತಾರೆ. ಚಾಪೆಗಳು ಎದ್ದು ಅಂಗಳದ ಇನ್ನೊಂದು ತುದಿಗೆ ಹೋಗುತ್ತವೆ. ಅಲ್ಲಿ ಕರು ಕಟ್ಟಿರುತ್ತದೆ. ಕರುವನ್ನು ಬಿಚ್ಚಿ ಬೇರೆಡೆ ಕಟ್ಟಲು ಹೇಳುತ್ತಾರೆ. ಬಿಚ್ಚಿದ ಕರು ಕಟ್ಟಿಸಿಕೊಳ್ಳುವ ಮೊದಲು ಹಿತ್ತಿಲಿಗೆ ನುಗ್ಗಿ ಹರಿವೆ ಮಡಿಯಲ್ಲಿ ಒಂದು ಸುತ್ತು ಹಾಕುತ್ತದೆ. ಅದನ್ನು ಹಿಡಿಯಲು ಮಕ್ಕಳು, ಮಕ್ಕಳ ಹಿಂದೆ ನಾಯಿ, ನಾಯಿಗೆ ಹೆದರಿ ಬಸಳೆ ಚಪ್ಪರ ಏರುವ ಬೆಕ್ಕು. ಆ ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆಂದು ನಾವು ನಗುತ್ತೇವೆ. ಅದು ಅಟ್ಟದಿಂದ ಅಕ್ಕಿ ಕೋಣೆಗೆ, ಅಲ್ಲಿಂದ ಕೊಟ್ಟಿಗೆಯ ಹುಲ್ಲಿಗೆ ಹೋಗಲು ನಿಜವಾದ ಕಾರಣ, ಮರಿಗಳಿಗೆ ಗಾಳಿ ಬರುತ್ತದೋ ಇಲ್ಲವೋ ಎಂದು ಚಿಕ್ಕಪ್ಪ ದಿನಕ್ಕೆರಡು ಬಾರಿ ಟಾರ್ಚು ಬಿಟ್ಟು ನೋಡುವುದು. ಇಷ್ಟರಲ್ಲಿ ಒಳಗೆ ಮಕ್ಕಳು ಕುಟ್ಟಿದ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಅರ್ಧ ಪಾತ್ರೆ ಖಾಲಿ ಮಾಡಿರುತ್ತಾರೆ. ಅದೊಂದಕ್ಕೆ ಮಾತ್ರ ಚಿಕ್ಕಪ್ಪ ಹೊಣೆಯಲ್ಲ.

ಇರುವ ಸಮಯವನ್ನೆಲ್ಲ ತುಂಬುವಷ್ಟು ಕೆಲಸ ಹಿಗ್ಗುತ್ತದೆ ಎಂದು ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಲೇಖಕರು 1955ರಲ್ಲಿ ಬರೆದರು. ಸೋದರ ಸೊಸೆಗೆ ಒಂದು ಕಾರ್ಡು ಬರೆದು ಹಾಕಲು ಇಡೀ ದಿನ ತೆಗೆದುಕೊಳ್ಳುವ ಅಜ್ಜಿಯನ್ನು ಅವರು ಉದಾಹರಣೆಯಾಗಿ ಕೊಟ್ಟಿದ್ದರು. ಪಾಪ, ಅವರು ಸರ್ಕಾರಿ ಕಚೇರಿಗಳನ್ನು ನೋಡಿದ್ದರು, ತೋಟದ ಮನೆ ನೋಡಿರಲಿಲ್ಲ. ಇಲ್ಲಿ ಸಮಯವೇ ಇಲ್ಲದಿದ್ದರೂ ಕೆಲಸ ಹಿಗ್ಗುತ್ತದೆ. ತ್ರೀಫೇಸ್ ಕರೆಂಟಿನದನ್ನೇ ನೋಡಿ. ಪಂಪ್‌ಸೆಟ್ಟಿಗೆ ಅದು ಯಾವ ಹೊತ್ತಿಗೆ ಬರುತ್ತದೆಂದು ಹೇಳಲಾಗದು, ನಡುರಾತ್ರಿಯೂ ಬರಬಹುದು. ಬಂದಾಗ ಆಗಬೇಕಾದ್ದು ಸ್ಟಾರ್ಟರಿನ ಹಸಿರು ಗುಂಡಿ ಒತ್ತುವುದು, ಒಂದು ವಾಲ್ವು ತಿರುಗಿಸುವುದು. ಒಬ್ಬ ಮನುಷ್ಯನಿಗೆ ಐದು ನಿಮಿಷ ಸಾಕು. ಚಿಕ್ಕಪ್ಪ ಮಾತ್ರ ಜಗುಲಿಯಿಂದ "ಕರೆಂಟ್ ಬಂತ್ರೋ!" ಎಂದು ಕೂಗಿ ಹದಿನೈದು ಜನರನ್ನು ಎಬ್ಬಿಸುತ್ತಾರೆ. ನಾಯಿ ಬೊಗಳುತ್ತದೆ, ಕೂಸು ಅಳುತ್ತದೆ, ಹಾಲು ಕರೆಯುವ ಹೊತ್ತಾಯಿತೆಂದು ಹಸು ಕೂಗುತ್ತದೆ. ಆ ಸಡಗರದಲ್ಲಿ ಗುಂಡಿ ಒತ್ತಲು ಯಾರು ಹೋದರು ಎಂಬುದೇ ತಿಳಿಯುವುದಿಲ್ಲ. ಹೋದದ್ದು ಚಿಕ್ಕಮ್ಮ ಎಂದು ಮರುದಿನ ತಿಳಿಯುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ಉಸ್ತುವಾರಿ ಮಾಡುವವರು ಇವರೊಬ್ಬರೇ ಏಕೆ, ದೊಡ್ಡಮ್ಮನೂ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುತ್ತಾರೆ. ಆದರೆ ದೊಡ್ಡಮ್ಮನ ಕೈ ಹಿಟ್ಟಿನಲ್ಲಿರುತ್ತದೆ, ಬಾಯಿಯಿಂದ ಬರುವುದು "ಇನ್ನೊಂಚೂರು ಉಪ್ಪು" ಎಂಬಷ್ಟೇ ಮಾತು. ಹಿಟ್ಟು ಮುಟ್ಟಿದವರು ಹೇಳುವ ಸೂಚನೆ ಚಿಕ್ಕದಿರುತ್ತದೆ, ಮುಟ್ಟದವರದ್ದು ಉದ್ದವಾಗುತ್ತದೆ. ಇನ್ನೂ ಗಟ್ಟಿಯಾದ ಆಕ್ಷೇಪ, ಇಂಥವರೊಬ್ಬರು ಇಲ್ಲದಿದ್ದರೆ ಮುಖ್ಯವಾದದ್ದು ಮರೆತುಹೋಗುತ್ತದೆ ಎಂಬುದು. ಇದರಲ್ಲಿ ಸತ್ಯವಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಒಣ ತಿಂಗಳುಗಳಲ್ಲೇ. ಅದನ್ನು ಹರಡುವುದು ಉಣುಗು. ದರಗು ತರಲು ಕಾಡಿಗೆ ಹೋಗುವವರು ಕೈಕಾಲಿಗೆ ಆಸ್ಪತ್ರೆಯವರು ಕೊಟ್ಟ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಲ್ಲಿ ಮೀಯಬೇಕು ಎಂದು ಚಿಕ್ಕಪ್ಪ ಹೇಳಿದರೆ ಅದು ತೂಕದ ಮಾತೇ. ಆದರೆ ಅದೇ ದಿನ, ಅದೇ ದನಿಯಲ್ಲಿ, ಮಜ್ಜಿಗೆ ಪಾತ್ರೆಯ ಮುಚ್ಚಳದ ಬಗ್ಗೆ, ಮಲ್ಲಿಗೆ ಗಿಡಕ್ಕೆ ನೀರು ಯಾವ ಕಡೆಯಿಂದ ಹೊಯ್ಯಬೇಕು ಎಂಬುದರ ಬಗ್ಗೆ, ಮೊಮ್ಮಗಳ ಚಪ್ಪಲಿಯ ಬಗ್ಗೆಯೂ ಎಚ್ಚರಿಕೆ ಹೊರಟಿರುತ್ತದೆ. ಉಣುಗಿನ ಮಾತು ಆ ಸಂತೆಯಲ್ಲಿ ಕಳೆದುಹೋಗುತ್ತದೆ. ಮರೆಯದಂತೆ ನೋಡಿಕೊಳ್ಳಬೇಕಾದವರೇ ಮರೆಯುವಂತೆ ಮಾಡಿದ ಹಾಗಾಯಿತು.

ಹಾಗಾದರೆ ಮನುಷ್ಯ ಸೋಮಾರಿ, ಮೈಗಳ್ಳತನಕ್ಕೆ ಉಸ್ತುವಾರಿಯ ಹೆಸರು ಕೊಟ್ಟಿದ್ದಾನೆ ಎಂದು ಯಾರಾದರೂ ಮುಗಿಸಿಬಿಟ್ಟರೆ ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಆ ಮನೆಗೆ ಹೋಗಿ ನೋಡಬೇಕು. ಬೇಸಿಗೆಯಲ್ಲಿ ಇಪ್ಪತ್ತು ಎಲೆ ಹಾಕುತ್ತಿದ್ದ ಮನೆಯಲ್ಲಿ ಈಗ ನಾಲ್ಕೇ ಜನ. ಮಕ್ಕಳು ಬೆಂಗಳೂರಿನಲ್ಲಿ, ಇನ್ನೂ ದೂರ ಹೋದವರು ಅಮೆರಿಕದಲ್ಲಿ. ಜಡಿಮಳೆಯಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಹೊಡೆಸಬೇಕು. ಮಳೆ ಒಂದು ದಿನ ಬಿಡುವು ಕೊಟ್ಟಾಗ ಮೈಲುತುತ್ತ, ಸುಣ್ಣ ಕಲಸಿ, ಮರ ಹತ್ತುವವರನ್ನು ಹಿಡಿದು ತಂದು, ಸಂಜೆಯೊಳಗೆ ಮುಗಿಸುವವರು ಇದೇ ಚಿಕ್ಕಪ್ಪ. ಕೊನೆ ಕೊಯ್ಲಿನ ಹೊತ್ತಿಗೂ ಅಷ್ಟೇ. ಆಗ ಅವರ ದನಿ ಪಕ್ಕದ ಮನೆಗೆ ಕೇಳುವುದಿಲ್ಲ, ಹಗಲಲ್ಲಿ ಟಾರ್ಚು ಹಿಡಿಯುವುದಿಲ್ಲ. ಅಂದರೆ ಕೆಲಸ ಅವರಿಗೆ ಚೆನ್ನಾಗಿಯೇ ಬರುತ್ತದೆ. ನೋಡುವವರು ಇಲ್ಲದಾಗ ಇನ್ನೂ ಚೆನ್ನಾಗಿ ಬರುತ್ತದೆ. ಇದರಿಂದ ನನ್ನ ವಾದ ಸಡಿಲವಾಯಿತು ಎನ್ನುವವರಿದ್ದಾರೆ, ತಪ್ಪು ಚಿಕ್ಕಪ್ಪನದಲ್ಲ, ಊರಿಂದ ಬಂದು ಇಳಿದ ಜನರದು ಎಂದು. ನನಗೆ ಇದು ಗಟ್ಟಿಯಾಯಿತು ಅನ್ನಿಸುತ್ತದೆ. ಜೂನ್‌ನಿಂದ ಫೆಬ್ರವರಿಯವರೆಗೆ ಯಾರಿಗೂ ಏನೂ ಹೇಳಲಾಗದೆ ಉಳಿದ ಮಾತೆಲ್ಲ ರಜೆಯಲ್ಲಿ ಜನ ಸಿಕ್ಕ ಕೂಡಲೇ ಹೊರಗೆ ಬರುತ್ತದೆ. ಜನ ಬಂದದ್ದು ನೆಪ ಮಾತ್ರ. ಅವರು ವಾಪಸು ಹೋದ ಮೇಲೂ ವಾಟ್ಸಾಪ್ ವಿಡಿಯೋದಲ್ಲಿ ಮೊಮ್ಮಗನ ಬಾಲ್ಕನಿಯ ತುಳಸಿಯ ಉಸ್ತುವಾರಿ ಮುಂದುವರಿಯುತ್ತದಲ್ಲ.

ಕೆಲವು ಜಾಣ ಸೊಸೆಯಂದಿರು ಇದಕ್ಕೊಂದು ಮದ್ದು ಹುಡುಕಿದ್ದಾರೆ. ಚಿಕ್ಕಪ್ಪನಿಗೇ ಒಂದು ನಿಶ್ಚಿತ ಕೆಲಸ ಕೊಟ್ಟು ಕೂರಿಸುವುದು. ಒಣಗಲು ಹಾಕಿದ ಹಪ್ಪಳದ ಬಳಿ ಕುರ್ಚಿ ಹಾಕಿ, ಕೈಗೆ ಕೋಲು ಕೊಟ್ಟು, "ನೀವಿದ್ರೆ ಕಾಗೆ ಹತ್ರ ಬರೂದಿಲ್ಲ, ಕೂತ್ಕಳಿ" ಎನ್ನುತ್ತಾರೆ. ಉಪಾಯವೇನೋ ಒಳ್ಳೆಯದೇ, ಕಾಲು ಗಂಟೆ ನಡೆಯುತ್ತದೆ ಕೂಡ. ಆಮೇಲೆ ನೋಡಿದರೆ ಹಿರಿಯ ಮೊಮ್ಮಗ ಕಾಗೆ ವಿಭಾಗಕ್ಕೆ, ಕಿರಿಯವನು ಮಂಗಗಳ ವಿಭಾಗಕ್ಕೆ ನೇಮಕವಾಗಿರುತ್ತಾರೆ, ನಾಯಿ ಕುರ್ಚಿಯ ಕೆಳಗೆ ಮೀಸಲು ಪಡೆಯಾಗಿ ನಿದ್ದೆ ಮಾಡುತ್ತಿರುತ್ತದೆ, ಚಿಕ್ಕಪ್ಪ ಒಳಗೆ ಹೋಗಿ ಹಪ್ಪಳ ಒತ್ತುವುದು ಇಷ್ಟು ನಿಧಾನವೇಕೆ ಎಂದು ಕೇಳುತ್ತಿರುತ್ತಾರೆ. ಸಂಜೆ ಎಣಿಸುವಾಗ ಲೆಕ್ಕಕ್ಕೆ ಒಂದು ಡಜನ್ ಕಡಿಮೆ ಬರುತ್ತದೆ. ತಿಂದದ್ದು ಕಾಗೆಯೋ, ಮಂಗವೋ, ಮೊಮ್ಮಗನೋ ಎಂಬ ವಿಚಾರಣೆಗೆ ಅವರು ಮನೆಯವರನ್ನೆಲ್ಲ ಜಗುಲಿಗೆ ಕರೆಯುತ್ತಾರೆ, ಅಡುಗೆಮನೆಯಲ್ಲಿ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ.