ಕಾಲಚೌರ್ಯ ಮೀಮಾಂಸೆ
ಅರ್ಥಾತ್ ನೌಕರಿ, ಹವ್ಯಾಸ ಮತ್ತು ಫ್ಯಾಂಟಸಿ ಕಾದಂಬರಿಗಳ ತ್ರಿಕೋನ ವಿಚಾರ

ಅನುಬಂಧ ಚತುಷ್ಟಯ

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳದೆ ಯಾವ ಶಾಸ್ತ್ರವನ್ನೂ ಆರಂಭಿಸಕೂಡದೆಂದು ಹಿರಿಯರ ಕಟ್ಟಳೆ. ಅದನ್ನು ಮೊದಲು ತೀರಿಸಿಬಿಡೋಣ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಹಗಲು ಸಂಬಳಕ್ಕೆ ದುಡಿಯುವವನು. ಏಳು ಸಂಪುಟಗಳ ಫ್ಯಾಂಟಸಿ ಕಾದಂಬರಿಯ ಮೊದಲ ಮೂರು ಅಧ್ಯಾಯಗಳನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡವನು. ಇವೆರಡೂ ಸಾಲದೆಂದು ಕೊಳಲು, ಜಲವರ್ಣ, ಬೋನ್ಸಾಯ್, ಪಕ್ಷಿವೀಕ್ಷಣೆಗಳ ಪೈಕಿ ಕನಿಷ್ಠ ಎರಡಕ್ಕೆ ಶುಲ್ಕ ಕಟ್ಟಿ ರಸೀದಿ ಪಡೆದವನು. ಚಂದಮಾಮದ ಬೇತಾಳನನ್ನು ಬಾಲ್ಯದಲ್ಲೇ ಹೆಗಲಿಗೇರಿಸಿಕೊಂಡು ಈವರೆಗೂ ಇಳಿಸದವರು ವಿಶೇಷ ಅಧಿಕಾರಿಗಳು. ಸ್ತ್ರೀಯರಿಗೂ ಪೂರ್ಣಾಧಿಕಾರವುಂಟು. ಅವರು ಕಚೇರಿಗೂ ಕನ್ನ ಹಾಕಬೇಕು, ಅಡುಗೆಮನೆಗೂ ಹಾಕಬೇಕು. ಆದಕಾರಣ ವಿದ್ಯೆಯಲ್ಲಿ ಅವರೇ ಮುಂದು.

ವಿಷಯ: ಇಪ್ಪತ್ತನಾಲ್ಕು ಗಂಟೆ. ಸಂಬಂಧ: ಸಾಲಗಾರನಿಗೂ ಬಡ್ಡಿಗೂ ಇರುವಂಥದು. ಪ್ರಯೋಜನ: ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಾಗ, “ಏನಪ್ಪಾ, ಎಲ್ಲಿಗೆ ಬಂತು ನಿನ್ನ ಕಾದಂಬರಿ?” ಎಂದು ಪಂಕ್ತಿಗೆಲ್ಲ ಕೇಳುವಂತೆ ವಿಚಾರಿಸುವ ಸೋದರಮಾವನಿಗೆ ಒಂದು ಉತ್ತರ.

ಪೂರ್ವಪಕ್ಷ

ಈ ವಿಷಯದಲ್ಲಿ ಮೂರು ಮತಗಳು ಪ್ರಚಾರದಲ್ಲಿವೆ.

ಮೊದಲನೆಯವರು ತಕ್ಕಡಿವಾದಿಗಳು. ಎಂಟು ಗಂಟೆ ಕೆಲಸ, ಎಂಟು ಗಂಟೆ ನಿದ್ದೆ, ಮಿಕ್ಕ ಎಂಟನ್ನು ಕಾದಂಬರಿಗೂ ಹವ್ಯಾಸಕ್ಕೂ ಸಮನಾಗಿ ಹಂಚಿದರೆ ಸಮತೋಲ ಸಿದ್ಧಿಸುವುದೆಂದು ಇವರ ಮತ. ಗಣಿತ ಶುದ್ಧವಾಗಿದೆ. ಆದರೆ ಆ ಕಡೆಯ ಎಂಟು ಗಂಟೆಯನ್ನು ಬೆಂಗಳೂರಿನಲ್ಲಿ ಕಣ್ಣಾರೆ ಕಂಡವರಿಲ್ಲ. ಅದರಲ್ಲೊಂದು ಭಾಗ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತಿದೆ. ಒಂದು ಭಾಗ ಮಗುವಿನ ಶಾಲೆಯ ಪ್ರಾಜೆಕ್ಟಿಗೆ ಥರ್ಮಾಕೋಲ್ ಕೊಯ್ಯುತ್ತಿದೆ. ಉಳಿದದ್ದು ‘ಐದೇ ನಿಮಿಷ’ ಎಂದು ಮೊಬೈಲ್ ಹಿಡಿದು ಕೂತಿದೆ. ಇಲ್ಲದ ವಸ್ತುವನ್ನು ಸಮನಾಗಿ ಹಂಚುವುದು ಮೊಲದ ಕೊಂಬಿಗೆ ಪಾಲು ಕೇಳಿದ ಹಾಗೆ.

ಎರಡನೆಯವರು ಹಠಯೋಗಿಗಳು. ಒಂದೇ ತಿಂಗಳಲ್ಲಿ 50,000 ಪದ ಬರೆಯುವ ವ್ರತವೊಂದು 1999ರಲ್ಲಿ ಅಮೆರಿಕದಲ್ಲಿ ಶುರುವಾಗಿ, ಮರುವರ್ಷದಿಂದ ನವೆಂಬರಿಗೆ ನೆಲೆನಿಂತು, ಜಗತ್ತಿಗೆಲ್ಲ ಹಬ್ಬಿತು. ದಿನಕ್ಕೆ ಸುಮಾರು 1,667 ಪದ. ವ್ರತದಲ್ಲಿ ದೋಷವಿಲ್ಲ, ಮಾಸದಲ್ಲಿದೆ. ನವೆಂಬರಿನಲ್ಲಿ ಕನ್ನಡ ಲೇಖಕನ ಸಂಜೆಗಳೆಲ್ಲ ರಾಜ್ಯೋತ್ಸವದ ವೇದಿಕೆಗೆ ಮೀಸಲು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೂರು ಜನ ಮಾತಾಡಿ ಮುಗಿಸಿದ ಮೇಲೆ ತನಗೆ ಉಳಿದ ಎರಡು ನಿಮಿಷದ ಭಾಷಣ: ಇವುಗಳ ನಡುವೆ 1,667 ಪದ ಎಲ್ಲಿಂದ ಬರಬೇಕು?

ಮೂರನೆಯವರು ಸಂನ್ಯಾಸವಾದಿಗಳು. ನೌಕರಿ ಬಿಡು, ಕಾದಂಬರಿ ತಾನಾಗಿ ಬರುತ್ತದೆ ಎನ್ನುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಮನೆಸಾಲದ ಕಂತಿಲ್ಲವೆಂಬುದು ಗಮನಾರ್ಹ. ಇವರ ಖಂಡನೆ ಮುಂದಿನ ಪ್ರಕರಣದಲ್ಲಿ ಬರುತ್ತದೆ.

ಸಿದ್ಧಾಂತ

*ಸೂತ್ರ 1. ಕಾದಂಬರಿಯ ಕಾಲ ಕೊಟ್ಟದ್ದಲ್ಲ, ಕದ್ದದ್ದು.*

ಭಾಷ್ಯ: ಆಕ್ಸ್‌ಫರ್ಡಿನಲ್ಲಿ ಆಂಗ್ಲೋ-ಸ್ಯಾಕ್ಸನ್ ಕಲಿಸುತ್ತಿದ್ದ ಪ್ರೊಫೆಸರ್ ಟೋಲ್ಕಿನ್ ಸಂಸಾರದ ಖರ್ಚು ಸರಿದೂಗಿಸಲು ಬೇಸಿಗೆಯಲ್ಲಿ ಶಾಲಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ಯಾರೋ ಪುಣ್ಯಾತ್ಮ ವಿದ್ಯಾರ್ಥಿ ಒಂದು ಪುಟ ಖಾಲಿ ಬಿಟ್ಟಿದ್ದ. ಆ ಪುಟದ ಮೇಲೆ ಪ್ರೊಫೆಸರರು ಹಾಬಿಟ್ ಎಂಬ ಪ್ರಾಣಿಯ ಬಗ್ಗೆ ಒಂದು ವಾಕ್ಯ ಗೀಚಿದರು. 1937ರಲ್ಲಿ ಅದು ಪುಸ್ತಕವಾಯಿತು. ಕಾಗದ ಪರೀಕ್ಷಾ ಮಂಡಲಿಯದು, ಹೊತ್ತು ಮೌಲ್ಯಮಾಪನದ್ದು, ವಾಕ್ಯ ಮಾತ್ರ ಅವರದು. ಚೌರ್ಯಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗದು. ಖಾಲಿ ಪುಟ ಕಂಡರೆ ಅಡ್ಡಗೆರೆ ಎಳೆಯುವುದು ನಮ್ಮ ಪದ್ಧತಿ. ಪಿಯುಸಿ ಮೌಲ್ಯಮಾಪನ ಶಿಬಿರಗಳಲ್ಲಿ ಕೆಂಪು ಗೆರೆಯಡಿ ಎಷ್ಟು ಹಾಬಿಟ್‌ಗಳು ಹುಟ್ಟುವ ಮೊದಲೇ ಗತಿಸಿದವೆಂಬುದು ಸಂಶೋಧನೆಗೆ ಯೋಗ್ಯ ವಿಷಯ.

ಇದು ಒಬ್ಬರ ಕಥೆಯಲ್ಲ. ಲೂಯಿಸ್ ಕ್ಯಾರಲ್ ಎಂಬ ಹೆಸರಿನ ಹಿಂದೆ ಅಡಗಿದ್ದವರು ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಮೇಷ್ಟ್ರು; ಬಿಡುವಿನಲ್ಲಿ ಫೋಟೋಗ್ರಫಿ; ಆಲಿಸಳ ಕಥೆ ಹುಟ್ಟಿದ್ದು 1862ರ ಜುಲೈ 4ರಂದು, ದೋಣಿ ವಿಹಾರದಲ್ಲಿ. ಬ್ರಾಮ್ ಸ್ಟೋಕರ್ ಲಂಡನ್ನಿನ ನಾಟಕಮಂದಿರವೊಂದರ ಮ್ಯಾನೇಜರಾಗಿದ್ದುಕೊಂಡೇ 1897ರಲ್ಲಿ ಡ್ರಾಕುಲಾನನ್ನು ಹೊರಬಿಟ್ಟರು. ಬ್ರ್ಯಾಂಡನ್ ಸ್ಯಾಂಡರ್ಸನ್ ಓದುವಾಗ ಹೋಟೆಲೊಂದರಲ್ಲಿ ರಾತ್ರಿಪಾಳಿ ಹಿಡಿದದ್ದೇ ಅತಿಥಿಗಳು ಮಲಗಿದ ಮೇಲೆ ಬರೆಯಬಹುದೆಂದು.

ನಮ್ಮವರೇನೂ ಕಡಿಮೆಯಿಲ್ಲ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲಿ ಯುದ್ಧ, ಸಂಧಿಗಳ ಕಡತದ ನಡುವೆ ನರಿ, ಎತ್ತು, ಸಿಂಹಗಳನ್ನು ಮಾತಾಡಿಸಿ ಪಂಚತಂತ್ರ ಬರೆದ. ಯಾವ ಮಾತು ಸಚಿವಾಲಯದ್ದು, ಯಾವುದು ಕಾಡಿನದು ಎಂದು ಅಂದಿನ ಓದುಗರಿಗೆ ಗೊತ್ತಾಗಿರಬೇಕು. ಇನ್ನು ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಉಡುಪಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರರು. ಹಗಲು ಹುಡುಗರಿಗೆ ಕವಾಯತು, ಮಿಕ್ಕ ಹೊತ್ತು ‘ಅದ್ಭುತ ರಾಮಾಯಣ’. ಕೃತಿಗಳನ್ನು ತನ್ನವೆಂದು ಹೇಳಿಕೊಳ್ಳದೆ ಹಳಗಾಲದ ಕವಿಯ ಓಲೆಗಳೆಂಬಂತೆ ಮೈಸೂರಿಗೆ ಕಳಿಸಿದರು. ಮಾಲು ಸಿಕ್ಕಿತು, ಕಳ್ಳ ಸಿಗಲಿಲ್ಲ! 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯ ಅವರನ್ನು ಒಯ್ದ ಮೇಲಷ್ಟೇ ಲೋಕಕ್ಕೆ ಪತ್ತೆಯಾಯಿತು. ಈ ಒಂದು ವಾಕ್ಯದಲ್ಲಿ ಮಾತ್ರ ಭಾಷ್ಯಕಾರ ಅಣಕವಾಡುತ್ತಿಲ್ಲ.

*ಸೂತ್ರ 2. ಒಡೆಯನಿಲ್ಲದ ಸೊತ್ತಿಗೆ ಕಳ್ಳನಿಲ್ಲ.*

ಭಾಷ್ಯ: ಸಂನ್ಯಾಸವಾದಿಗಳು ಎಡವುವುದು ಇಲ್ಲಿ. ನೌಕರಿ ಬಿಟ್ಟವನ ಹೊತ್ತೆಲ್ಲ ಅವನದೇ. ತನ್ನ ಮನೆಗೆ ತಾನೇ ಕನ್ನ ಹಾಕಲಾದೀತೇ? ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ಮಹಾಗಾಥೆಗೆ ಕೈಯಿಟ್ಟದ್ದು 1991ರಲ್ಲಿ, ಹಾಲಿವುಡ್ಡಿನ ಟೀವಿ ಕೆಲಸಗಳ ನಡುವೆ ಸಿಕ್ಕ ಸಂದಿಯಲ್ಲಿ. ಮೊದಲ ಮೂರು ಸಂಪುಟ 1996, 1998, 2000ರಲ್ಲಿ ದಡದಡನೆ ಬಂದವು. ಆಮೇಲೆ ಕೀರ್ತಿ ಬಂತು, ಸಂಪತ್ತು ಬಂತು, ಬೇಕಾದಷ್ಟು ಹೊತ್ತೂ ಬಂತು. ನಾಲ್ಕನೆಯದು 2005ಕ್ಕೆ, ಐದನೆಯದು 2011ಕ್ಕೆ. ಅದಾದ ಮೇಲೆ ಸಾಂಟಾ ಫೆ ಊರಿನಲ್ಲಿ ಒಂದು ಹಳೆಯ ಚಿತ್ರಮಂದಿರವನ್ನೂ ಕೊಂಡರು. ಆರನೆಯದಕ್ಕೆ ಓದುಗರು ಹತ್ತು ವರ್ಷಕ್ಕೂ ಮಿಕ್ಕಿ ಕಾದರು. ಮಾರ್ಟಿನ್ ಅವರನ್ನು ದೂರುವವರು ಶಾಸ್ತ್ರವರಿಯದವರು. ಅವರಿಗೆ ಬೇಕಾಗಿರುವುದು ಬಿಡುವಲ್ಲ, ಒಬ್ಬ ಸೆಕ್ಷನ್ ಆಫೀಸರ್.

ಕನ್ನ ಪ್ರಕರಣ

ಚೌರ್ಯ ನಮ್ಮಲ್ಲಿ ಹಳೆಯ ವಿದ್ಯೆ. ಶೂದ್ರಕನ ಮೃಚ್ಛಕಟಿಕದಲ್ಲಿ ಶರ್ವಿಲಕನೆಂಬ ವಿದ್ವಾಂಸ ಕಳ್ಳನಿದ್ದಾನೆ. ಕನ್ನದ ಏಳು ಆಕಾರಗಳನ್ನು ಪಟ್ಟಿಮಾಡಿ, ಕಳ್ಳರ ಆರಾಧ್ಯದೈವ ಕಾರ್ತಿಕೇಯನನ್ನು ನೆನೆದು, ಅಳತೆಯ ದಾರ ಮರೆತುಬಂದದ್ದರಿಂದ ಜನಿವಾರದಲ್ಲೇ ಗೋಡೆ ಅಳೆದು ಮುಂದುವರಿಯುತ್ತಾನೆ. ಗೋಡೆಯ ಜಾಗದಲ್ಲಿ ದಿನಚರಿಯನ್ನಿಟ್ಟರೆ ಅವೇ ಏಳೂ ಇಂದಿಗೂ ಸಲ್ಲುತ್ತವೆ.

*ಬಾಲಚಂದ್ರ:* ಹತ್ತಕ್ಕೆ ಮೀಟಿಂಗ್ ಕರೆದ ಮ್ಯಾನೇಜರ್ ಹತ್ತೂಹತ್ತಕ್ಕೆ ಬರುವ ನಡುವಿನ ಎಳೆಯ ಹೆರೆ. ಒಂದು ಸಂಭಾಷಣೆ ಹಿಡಿಸುತ್ತದೆ, ಯುದ್ಧ ಹಿಡಿಸದು.

*ಭಾಸ್ಕರ:* ಹಾಲಿನ ಪ್ಯಾಕೆಟ್ಟು ಬಿದ್ದ ಸದ್ದಿಗೂ ಕುಕ್ಕರಿನ ಮೊದಲ ಕೂಗಿಗೂ ನಡುವಿನ ಬೆಳಗಿನ ಜಾವ. ಉತ್ತಮೋತ್ತಮ. ಆದರೆ ಏಳಬೇಕು.

*ವಾಪಿ:* ಬಾವಿಯಂತೆ ಆಳ. ಚಲ್ಲಘಟ್ಟದಲ್ಲಿ ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿಯುವವರಿಗೆ ನೇರಳೆ ಮೆಟ್ರೋ ಕರುಣಿಸಿದ ವರ. ಸೀಟು ಸಿಗುವುದು ಪೂರ್ವಜನ್ಮದ ಸುಕೃತ.

*ಸ್ವಸ್ತಿಕ:* ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪ. ಕೈ ಹ್ಯಾಂಡಲಿನ ಮೇಲಿರುವುದರಿಂದ ಪಾತ್ರಗಳಿಗೆ ಹೆಸರಿಡಲು ಮಾತ್ರ ಯೋಗ್ಯ.

*ಪೂರ್ಣಕುಂಭ:* ನಲವತ್ತು ಜನರ ಆನ್‌ಲೈನ್ ಸಭೆ, ಎಲ್ಲರೂ ಮ್ಯೂಟ್. ಹೊರಗೆ ತುಂಬಿದ ಹಾಜರಿ, ಒಳಗೆ ಐದನೆಯ ಅಧ್ಯಾಯ. ತನ್ನ ಹೆಸರು ಕರೆದಾಗ, “ಹೌದು ಸರ್, ಅದನ್ನೇ ನೋಡ್ತಾ ಇದ್ದೀನಿ” ಎನ್ನತಕ್ಕದ್ದು. ಇದು ಸುಳ್ಳಲ್ಲ, ‘ಅದು’ ಯಾವುದೆಂದು ಅವರು ಕೇಳಿಲ್ಲ.

*ಪದ್ಮವ್ಯಾಕೋಶ:* ತಟಕ್ಕನೆ ಅರಳಿದ ತಾವರೆ. ಸರ್ವರ್ ಡೌನ್, ಅಥವಾ ಹಿಂದಿನ ರಾತ್ರಿ ಘೋಷಣೆಯಾದ ಬಂದ್. ಕೇಳಿ ಪಡೆಯುವಂಥದಲ್ಲ.

*ವಿಸ್ತೀರ್ಣ:* ಶುಕ್ರವಾರದ ಹಬ್ಬಕ್ಕೆ ಶನಿ, ಭಾನುವಾರ ಸೇರಿದ ದೊಡ್ಡ ರಜೆ. ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು, ಫಲದಲ್ಲಿ ಸೊನ್ನೆ. ಇಷ್ಟು ಅಗಲದ ಕನ್ನದಿಂದ ಲೇಖಕನೊಬ್ಬನೇ ನುಗ್ಗುವುದಿಲ್ಲ; ನೆಂಟರೂ ನುಗ್ಗುತ್ತಾರೆ. ಗೃಹಪಕ್ಷವೂ ಜಾಗೃತವಾಗುತ್ತದೆ: “ರೀ, ಆ ಡ್ರ್ಯಾಗನ್ನನ್ನ ಆಮೇಲೆ ಸಾಯಿಸಿ, ಗ್ಯಾಸ್ ಬಂದಿದೆ, ಇಳಿಸ್ಕೊಳ್ಳಿ.” ಬಿಡುವು ಹೆಚ್ಚಿದಷ್ಟೂ ಬರಹ ಕುಗ್ಗುತ್ತದೆಂಬ ನಮ್ಮ ಎರಡನೆಯ ಸೂತ್ರಕ್ಕೆ ಪ್ರತಿ ದೀರ್ಘ ರಜೆಯೂ ಸಾಕ್ಷಿ.

ಹವ್ಯಾಸ ಪ್ರಕರಣ

*ಸೂತ್ರ 3. ಕಳ್ಳನ ಮನೆಗೂ ಕಳ್ಳ ಬೀಳುತ್ತಾನೆ.*

ಭಾಷ್ಯ: ಕಚೇರಿಯಿಂದ ಕದ್ದ ಹೊತ್ತು ಕಾದಂಬರಿ ಸೇರುವ ಮೊದಲೇ ಅದನ್ನು ಅಪಹರಿಸುವವನು ಹವ್ಯಾಸ. ಇವನು ತ್ರಿವಿಧ.

ಮೊದಲನೆಯದು *ಗೇಣಿ ಕೊಡುವ ಹವ್ಯಾಸ.* ಮೂಡಿಗೆರೆಯ ಕಾಫಿತೋಟದಲ್ಲಿ ತೇಜಸ್ವಿ ಮೀನು ಹಿಡಿದರು, ಹಕ್ಕಿಯ ಫೋಟೋ ತೆಗೆದರು, ಹುಳುಹುಪ್ಪಟೆಯ ಹಿಂದೆ ಅಲೆದರು. ಹಾರುವ ಓತಿಯ ಬೆನ್ನುಹತ್ತಿದ ‘ಕರ್ವಾಲೊ’ 1980ರಲ್ಲಿ ಬಂದಾಗ, ಅಲೆದಾಟವೆಲ್ಲ ಬರಹಕ್ಕೆ ಗೇಣಿ ಕಟ್ಟಿದ್ದು ಕಾಣಿಸಿತು. ಯಕ್ಷಗಾನ, ನೃತ್ಯ, ಸಿನಿಮಾ, ಮಕ್ಕಳ ವಿಶ್ವಕೋಶ ಎಲ್ಲಕ್ಕೂ ಕೈಹಾಕಿದ ಶಿವರಾಮ ಕಾರಂತರನ್ನು ಯಾರೂ ಉದಾಹರಣೆಯಾಗಿ ಎತ್ತಬಾರದು. ಶಾಸ್ತ್ರದಲ್ಲಿ ಅವರನ್ನು ಅಪವಾದವೆಂದು ಕರೆಯುತ್ತಾರೆ, ಮನೆಯಲ್ಲಿ ಅವರನ್ನು ಎತ್ತಿ ಮಾತಾಡಿದರೆ, “ನೀವೇನು ಕಾರಂತರೇ?” ಎಂಬ ಮರುಪ್ರಶ್ನೆ ಬರುತ್ತದೆ.

ಎರಡನೆಯದು *ಗೇಣಿ ಕೊಡದ, ಆದರೆ ಪ್ರಾಮಾಣಿಕ ಹವ್ಯಾಸ.* ಬೋನ್ಸಾಯ್ ತಾನು ಕಾದಂಬರಿಯೆಂದು ಎಂದೂ ಹೇಳಿಕೊಂಡಿಲ್ಲ. ಅದರ ಹೊತ್ತು ಅದಕ್ಕಿರಲಿ. ಮನುಷ್ಯ ಬದುಕಬೇಕಲ್ಲ.

ಮೂರನೆಯದು *ಛದ್ಮವೇಷಿ.* ಘೋರ ಅಪಾಯಕಾರಿ. ಇದು ಕಾದಂಬರಿಯ ಬಟ್ಟೆಯನ್ನೇ ಉಟ್ಟು ಬರುತ್ತದೆ. ಕಲ್ಪಿತ ರಾಜ್ಯಕ್ಕೆ ನಕ್ಷೆ ಬರೆಯುವುದು, ನಕ್ಷೆಗೆ ಟೀ ಡಿಕಾಕ್ಷನ್ ಸವರಿ ಹಳತಾಗಿಸುವುದು, ರಾಜವಂಶಕ್ಕೆ ಹದಿನಾಲ್ಕು ತಲೆಮಾರು, ಭಾಷೆಗೆ ವ್ಯಾಕರಣ, ವ್ಯಾಕರಣಕ್ಕೆ ಅಪವಾದ. ಗದ್ಯಾಣ, ಪಣ, ಹಾಗಗಳ ಮಾದರಿಯಲ್ಲಿ ನಾಣ್ಯಪದ್ಧತಿ ರೂಪಿಸಿ, ಎರಡು ರಾಜ್ಯಗಳ ನಡುವಿನ ವಿನಿಮಯ ದರವನ್ನೂ ನಿಗದಿಮಾಡಿದ ಲೇಖಕರಿದ್ದಾರೆ. ಅವರ ಕಥಾನಾಯಕ ಈವರೆಗೆ ಒಂದು ಕಡಲೆಕಾಯಿ ಪೊಟ್ಟಣವನ್ನೂ ಕೊಂಡಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಎಂದು ಗಾದೆಯೇ ಇದೆ.

“ಟೋಲ್ಕಿನ್ ಭಾಷೆ ಕಟ್ಟಲಿಲ್ಲವೇ?” ಎಂದು ಛದ್ಮವೇಷಿಗಳ ಆಕ್ಷೇಪ. ಕಟ್ಟಿದರು. 1931ರಲ್ಲೇ ಆ ಗೀಳನ್ನು ಗುಟ್ಟಿನ ದುಶ್ಚಟವೆಂದು ಕರೆದು ಉಪನ್ಯಾಸವನ್ನೂ ಕೊಟ್ಟರು. ಮೊದಲ ಮಹಾಯುದ್ಧದ ಕಾಲದಿಂದ ಕಟ್ಟುತ್ತ, ತಿದ್ದುತ್ತ ಬಂದ ಆ ಪುರಾಣಲೋಕ ‘ಸಿಲ್ಮರಿಲಿಯನ್’ ಎಂಬ ಪುಸ್ತಕವಾದದ್ದು 1977ರಲ್ಲಿ, ಅವರು ತೀರಿಕೊಂಡು ನಾಲ್ಕು ವರ್ಷದ ಮೇಲೆ, ಮಗನ ಕೈಯಲ್ಲಿ. ಅಷ್ಟು ವಿಧೇಯ ಮಗನಿದ್ದವರು ನಾಣ್ಯಪದ್ಧತಿಯನ್ನು ನಿಶ್ಚಿಂತೆಯಿಂದ ಮುಂದುವರಿಸಬಹುದು.

ಆಕ್ಷೇಪ, ಸಮಾಧಾನ

ಆಕ್ಷೇಪ: ಸಂಬಳ ತಿಂದು ಹೊತ್ತು ಕದಿಯುವುದು ಅಧರ್ಮವಲ್ಲವೇ?

ಸಮಾಧಾನ: ರಾತ್ರಿ ಒಂಬತ್ತಕ್ಕೆ “ಒಂದು ಸಣ್ಣ ಕೆಲಸ ಇತ್ತು” ಎಂದು ವಾಟ್ಸಾಪಿನಲ್ಲಿ ಬರುವ ಸಂದೇಶವನ್ನು ಯಾವ ಧರ್ಮಸೂತ್ರ ವಿಧಿಸಿದೆಯೋ ಅದೇ ಇದನ್ನೂ ವಿಧಿಸಿದೆ. ಇದು ಕಳವಲ್ಲ, ಚುಕ್ತಾ. ಅಷ್ಟಕ್ಕೂ ಹೆಚ್ಚಿನವರು ಕದಿಯುವುದು ತಮ್ಮ ನಿದ್ದೆಯಿಂದಲೇ. ಅದರ ದೂರು ದಾಖಲಿಸುವ ಠಾಣೆ ಇಲ್ಲ.

ಆಕ್ಷೇಪ: ಚಿಲ್ಲರೆ ಹೊತ್ತಿನಲ್ಲಿ ಮಹಾಕೃತಿ ಆದೀತೇ?

ಸಮಾಧಾನ: ಟೆರಿ ಪ್ರ್ಯಾಚೆಟ್ ಬ್ರಿಟನ್ನಿನ ವಿದ್ಯುತ್ ಮಂಡಲಿಯಲ್ಲಿ ಅಣುಸ್ಥಾವರಗಳ ಪರವಾಗಿ ಪತ್ರಿಕೆಗಳಿಗೆ ಉತ್ತರಿಸುವ ಅಧಿಕಾರಿಯಾಗಿದ್ದರು. ಗಾಬರಿಪಡಬೇಕಾದ್ದೇನಿಲ್ಲವೆಂದು ಹಗಲೆಲ್ಲ ಹೇಳುವ ಕೆಲಸ. ಫ್ಯಾಂಟಸಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಉಂಟೇ? ಮನೆಗೆ ಬಂದು ದಿನಕ್ಕೆ 400 ಪದ ಬರೆಯುತ್ತಿದ್ದರು. ಡಿಸ್ಕ್‌ವರ್ಲ್ಡ್ ಮಾಲೆಯ ಮೊದಲ ಕಾದಂಬರಿ ಬಂದದ್ದು 1983ರಲ್ಲಿ. ನೌಕರಿ ಬಿಟ್ಟದ್ದು 1987ರಲ್ಲಿ. 400ನ್ನು 365ರಿಂದ ಗುಣಿಸಿದರೆ 1,46,000. ವರ್ಷಕ್ಕೊಂದು ದಪ್ಪ ಕಾದಂಬರಿ. ತಕ್ಕಡಿವಾದಿಗಳ ಎಂಟು ಗಂಟೆಯನ್ನು ಈ ಲೆಕ್ಕ ಕೇಳುವುದೇ ಇಲ್ಲ. ಒಂದು ಪೂರ್ಣಕುಂಭ, ಎರಡು ಬಾಲಚಂದ್ರ ಕೊಟ್ಟರೆ ಸಾಕು.

ಆಕ್ಷೇಪ: ಹಾಗಾದರೆ ಸಮತೋಲ ಎಂಬುದೇ ಇಲ್ಲವೇ?

ಸಮಾಧಾನ: ಇದೆ. ಆದರೆ ಅದನ್ನು ನೋಡಬೇಕಾದ್ದು ದಿನದಲ್ಲಲ್ಲ, ಮಾಲಿನಲ್ಲಿ. ಶರ್ವಿಲಕ ಕನ್ನದ ಚೆಲುವಿಗೆ ತಾನೇ ಮರುಳಾದರೂ ಅಲ್ಲೇ ನಿಂತುಬಿಡಲಿಲ್ಲ. ಒಡವೆ ಎತ್ತಿಕೊಂಡು ಹೋಗಿ ತನ್ನ ನಲ್ಲೆ ಮದನಿಕೆಯನ್ನು ದಾಸ್ಯದಿಂದ ಬಿಡಿಸಿದ. ಕದ್ದ ಹೊತ್ತು ಓದುಗನ ಕೈಗೆ ಪುಸ್ತಕವಾಗಿ ತಲುಪಿದರೆ ನೌಕರಿ, ಹವ್ಯಾಸ, ಕಾದಂಬರಿ ಮೂರೂ ಸರಿದೂಗಿದಂತೆ. ಖಾನೆಯಲ್ಲೇ ಉಳಿದರೆ ಎಷ್ಟು ಅಂದವಾಗಿ ಹಂಚಿಕೊಂಡಿದ್ದರೂ ಅದು ಗೋಡೆಗೆ ಮಾಡಿದ ತೂತು.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಒಮ್ಮೆ ಓದಿದವರಿಗೆ ಮೂರು ಸಂಪುಟಗಳಷ್ಟು ಪುಣ್ಯ. ಆಫೀಸಿನ ಪ್ರಿಂಟರಿನಲ್ಲಿ ಮುದ್ರಿಸಿಕೊಂಡು ಓದಿದವರಿಗೆ ಇಮ್ಮಡಿ. ಸೋದರಮಾವನಿಗೆ ಓದಿ ಹೇಳಿದವರಿಗೆ ಮುಂದಿನ ಮದುವೆಯವರೆಗೆ ಅಭಯ. ನಿತ್ಯಪಾರಾಯಣ ಮಾತ್ರ ಕಡ್ಡಾಯವಾಗಿ ನಿಷಿದ್ಧ. ಎರಡನೆಯ ಸಲ ಓದಿದವರು ಗಳಿಸಿದ ಪುಣ್ಯವನ್ನೆಲ್ಲ ಕಳೆದುಕೊಳ್ಳುತ್ತಾರೆ. ಅಷ್ಟು ಹೊತ್ತಿನಲ್ಲಿ ಅವರು 400 ಪದ ಬರೆದು ಮುಗಿಸಬಹುದಿತ್ತು.